ಜೈಲಿಂದ ಬಂದವರಿಗೆ ಕೆಲಸ ಕೊಡುವುದು: ಯಾರಾದರೂ ಕೊಟ್ಟಿದ್ದೀರಾ? ಹೇಗಾಯ್ತು?

ಲೇತ್_ಮಷೀನ್, ತುಮಕೂರು

ಎಲ್ಲರಿಗೂ ನಮಸ್ಕಾರ. ನಮ್ಮದು ತುಮಕೂರಿನ ಹತ್ತಿರ ಚಿಕ್ಕ ಫ್ಯಾಬ್ರಿಕೇಷನ್ ಶೆಡ್. ಗೇಟು, ಗ್ರಿಲ್ಲು, ಕೋಳಿ ಫಾರಂ ಶೆಡ್ಡಿನ ಟ್ರಸ್ಸು ಇಂಥ ಕೆಲಸ. ಏಳೆಂಟು ಜನ ಹುಡುಗರಿದ್ದಾರೆ.

ನಮ್ಮ ಊರಿನವನೇ ಒಬ್ಬ, ಜಮೀನಿನ ಬದುವಿನ ಜಗಳದಲ್ಲಿ ಕೊಲೆ ಕೇಸಾಗಿ ಜೀವಾವಧಿ ಶಿಕ್ಷೆ ಆಗಿತ್ತು. ಈಗ ಸನ್ನಡತೆ ಮೇಲೆ ಬಿಟ್ಟಿದ್ದಾರೆ. ಒಳಗೆ ವೆಲ್ಡಿಂಗ್ ಕಲಿತಿದ್ದಾನಂತೆ. ಅವನ ಅಣ್ಣ ಬಂದು ಕೆಲಸ ಕೊಡಿ ಅಂತ ಕೇಳಿದರು. ಒಂದು ದಿನ ಕರೆದು ಕೆಲಸ ನೋಡಿದೆ. ಕೈ ಚೆನ್ನಾಗಿದೆ, ವೆಲ್ಡಿಂಗ್ ಸಾಲು ಒಂದೇ ಸಮ ಬರುತ್ತೆ. ಆದರೆ ಮನೆಯವಳು ಬೇಡ ಅಂತಾಳೆ. ಹುಡುಗರಲ್ಲಿ ಇಬ್ಬರು ಮುಖ ಗಂಟು ಹಾಕಿಕೊಂಡರು.

ನನ್ನ ಪ್ರಶ್ನೆ ಇಷ್ಟೇ. ಇಂಥವರು ನಿಜವಾಗಿ ಬದಲಾಗುತ್ತಾರಾ? ನಮಗೆ ಗೊತ್ತಾಗುವುದು ಹೇಗೆ? ದಯವಿಟ್ಟು ಉಪದೇಶ ಬೇಡ, ಅನುಭವ ಇದ್ದವರು ಹೇಳಿ.

ಸುಮ್ನೆ_ಓದುಗ

ಬೇಡ ಸ್ವಾಮಿ. ನಾಯಿ ಬಾಲ ಯಾವತ್ತಿದ್ದರೂ ಡೊಂಕೇ. ನಾಳೆ ಏನಾದರೂ ಆದರೆ ಸ್ಟೇಷನ್ನಿಗೆ ಅಲೆಯೋರು ನೀವು.

ನಿವೃತ್ತ_ವಾರ್ಡರ್

ಲೇತ್ ಅವರೇ, ನಾನು ಜೈಲು ಇಲಾಖೆಯಲ್ಲಿ ಸರ್ವೀಸ್ ಮುಗಿಸಿದವನು. ಬೇರೆ ಬೇರೆ ಜೈಲುಗಳಲ್ಲಿ ಇದ್ದೆ, ಯಾವುದು ಅಂತ ಇಲ್ಲಿ ಬೇಡ.

ಹೊರಗಿನವರು ಕೊಲೆ ಅಂದ ಕೂಡಲೇ ಹೆದರುತ್ತಾರೆ. ಒಳಗೆ ಕೆಲಸ ಮಾಡಿದವರಿಗೆ ಲೆಕ್ಕ ಬೇರೆ. ಜಮೀನು, ಬದು, ನೀರಿನ ಪಾಳಿ ಅಂತ ಒಂದು ದಿನದ ಸಿಟ್ಟಿನಲ್ಲಿ ಕೊಂದು ಬಂದ ಹಳ್ಳಿಯವರು ಜೈಲಿನಲ್ಲಿ ಎಲ್ಲರಿಗಿಂತ ತಣ್ಣಗಿರುತ್ತಾರೆ. ಅಡುಗೆಮನೆ, ತೋಟ, ಆಸ್ಪತ್ರೆ ವಾರ್ಡು, ನಂಬಿಕೆಯ ಕೆಲಸವೆಲ್ಲ ಅವರ ಕೈಗೇ ಹೋಗುತ್ತೆ. ಮತ್ತೆ ಮತ್ತೆ ಬರುವವರು ಬೇರೆ. ಮೊಬೈಲ್ ಕಳ್ಳತನ, ಸರ ಕೀಳುವುದು, ಗಾಂಜಾ, ಬೈಕು. ಇಪ್ಪತ್ತರ ಆಸುಪಾಸಿನ ಹುಡುಗರು. ಬಿಡುಗಡೆ ದಿನವೇ ಗೇಟಿನ ಹೊರಗೆ ಗ್ಯಾಂಗಿನವರು ಬೈಕು ತಂದು ನಿಲ್ಲಿಸಿರುತ್ತಾರೆ. ಬೇರೆ ಯಾರೂ ಕರೆಯಲು ಬರಲ್ಲ. ಅವನು ಯಾರ ಬೈಕು ಹತ್ತಬೇಕು ಹೇಳಿ?

ದೀರ್ಘ ಶಿಕ್ಷೆ ಮುಗಿಸಿದವರ ಕಷ್ಟ ಇನ್ನೊಂದು ಥರ. ಬಿಡುವಾಗ ಅವರು ಬಂದ ದಿನದ ಬಟ್ಟೆ, ಸಾಮಾನು ವಾಪಸು ಕೊಡುತ್ತೇವೆ. ಹತ್ತು ಹದಿನೈದು ವರ್ಷದ ಹಿಂದಿನ ಪ್ಯಾಂಟು ಸೊಂಟಕ್ಕೆ ಬರಲ್ಲ. ಕೀಪ್ಯಾಡ್ ಫೋನು ಆನ್ ಆಗಲ್ಲ. ಒಬ್ಬ ಮುದುಕಪ್ಪ ಗೇಟಿನ ಎದುರಿನ ಟೀ ಅಂಗಡಿಯಲ್ಲಿ ನೂರರ ನೋಟು ಕೊಟ್ಟ. ಅಂಗಡಿಯವನು ಚಿಲ್ಲರೆ ಇಲ್ಲ, ಸ್ಕ್ಯಾನ್ ಮಾಡಿ ಅಂದ. ಮುದುಕಪ್ಪ ಆ ಕ್ಯೂಆರ್ ಹಲಗೆ ಮುಂದೆ ನಿಂತು ಅದು ಯಾವುದೋ ದೇವರ ಚಿತ್ರ ಇರಬೇಕು ಅನ್ನೋ ಹಾಗೆ ನೋಡುತ್ತಿದ್ದ. ಕೊನೆಗೆ ಟೀ ಬೇಡ ಅಂತ ಹೊರಟೇಬಿಟ್ಟ. ಹತ್ತು ರೂಪಾಯಿ ಟೀ ವಿಷಯಕ್ಕೇ ಇಷ್ಟಾದರೆ ಬ್ಯಾಂಕು, ರೇಷನ್ ಕಾರ್ಡು, ಬಾಡಿಗೆ ಮನೆ ಇದನ್ನೆಲ್ಲ ಹೇಗೆ ನಿಭಾಯಿಸುತ್ತಾನೆ?

ನನ್ನ ಅನಿಸಿಕೆ: ಜೈಲು ಯಾರನ್ನೂ ಬದಲಾಯಿಸಲ್ಲ. ವಯಸ್ಸು ಬದಲಾಯಿಸುತ್ತೆ, ಒಳಗೆ ಯೋಚನೆಗೆ ಸಮಯ ಸಿಗುತ್ತೆ, ಅಷ್ಟೇ. ಅವನು ಮತ್ತೆ ಒಳಗೆ ಬರುತ್ತಾನೋ ಇಲ್ಲವೋ ಅನ್ನುವುದು ಹೊರಗೆ ಹೋದ ಮೊದಲ ಐದಾರು ತಿಂಗಳಲ್ಲಿ ಗೊತ್ತಾಗಿಬಿಡುತ್ತೆ.

ಧಾರವಾಡ_ಫೇಡಾ

ವಾರ್ಡರ್ ಸರ್ ಹೇಳಿದ ವಯಸ್ಸಿನ ಮಾತಿಗೆ ಸ್ವಲ್ಪ ಸೇರಿಸುತ್ತೇನೆ. ನಾನು ಅಪರಾಧಶಾಸ್ತ್ರ ಓದಿದವಳು. ನಮ್ಮ ಕ್ಲಾಸಿನಲ್ಲಿ ತುಂಬ ಚರ್ಚೆಯಾದ ಒಂದು ಅಧ್ಯಯನ ಇದೆ.

ಅಮೆರಿಕದ ಬಾಸ್ಟನ್‌ನಲ್ಲಿ ಗ್ಲೂಕ್ ದಂಪತಿ, ಸುಧಾರಣಾ ಶಾಲೆಗೆ ಹೋಗಿದ್ದ 500 ಹುಡುಗರ ಬಗ್ಗೆ ವರ್ಷಗಟ್ಟಲೆ ಮಾಹಿತಿ ಕೂಡಿಸಿದ್ದರು. 1924ರಿಂದ 1932ರೊಳಗೆ ಹುಟ್ಟಿದವರು. ಆ ಕಾಗದದ ಪೆಟ್ಟಿಗೆಗಳು ಹಾರ್ವರ್ಡ್ ಕಾನೂನು ಶಾಲೆಯ ಲೈಬ್ರರಿಯ ನೆಲಮಾಳಿಗೆಯಲ್ಲಿ ಧೂಳು ತಿನ್ನುತ್ತಿದ್ದವು. 1980ರ ದಶಕದಲ್ಲಿ ಜಾನ್ ಲಾಬ್, ರಾಬರ್ಟ್ ಸ್ಯಾಂಪ್ಸನ್ ಅನ್ನುವ ಇಬ್ಬರು ಅದನ್ನು ಹೊರಗೆ ತೆಗೆದರು. ಆ ಹುಡುಗರು ಎಪ್ಪತ್ತು ವರ್ಷದ ಮುದುಕರಾಗುವ ತನಕ ಯಾರು ಏನಾದರು ಅಂತ ಬೆನ್ನು ಹತ್ತಿದರು. 52 ಜನರನ್ನು ಹುಡುಕಿ ಕೂರಿಸಿಕೊಂಡು ಮಾತಾಡಿಸಿದರು.

ಸಿಕ್ಕಿದ್ದು ಏನು ಅಂದರೆ, ಹೆಚ್ಚೂಕಡಿಮೆ ಎಲ್ಲರೂ ಒಂದಲ್ಲ ಒಂದು ವಯಸ್ಸಿನಲ್ಲಿ ಅಪರಾಧ ಬಿಟ್ಟಿದ್ದರು. ಕೆಲವರು ಬೇಗ, ಕೆಲವರು ತುಂಬ ತಡವಾಗಿ. ಚಿಕ್ಕಂದಿನಲ್ಲಿ ಯಾರು ಎಷ್ಟು ಕೆಟ್ಟಿದ್ದ ಅನ್ನುವುದರ ಮೇಲೆ ಅವನು ಯಾವಾಗ ಬಿಡುತ್ತಾನೆ ಅಂತ ಹೇಳಲು ಆಗಲಿಲ್ಲ. ಬಿಟ್ಟವರ ಬದುಕಿನಲ್ಲಿ ಪದೇ ಪದೇ ಕಾಣಿಸಿದ್ದು ಮೂರು: ಒಂದು ಸ್ಥಿರವಾದ ಕೆಲಸ, ಒಳ್ಳೆಯ ಮದುವೆ, ಸೈನ್ಯ. ಅವುಗಳಲ್ಲಿ ಮಂತ್ರ ಏನೂ ಇಲ್ಲ. ದಿನದ ಇಷ್ಟು ಹೊತ್ತಿಗೆ ಇಲ್ಲಿ ಇರಬೇಕು ಅಂತ ಆಗುತ್ತೆ, ಹಳೇ ಸಂಗ ತಾನಾಗಿ ದೂರ ಆಗುತ್ತೆ, ಎಲ್ಲಿದ್ದೀಯ ಅಂತ ಕೇಳುವವರೊಬ್ಬರು ಹುಟ್ಟಿಕೊಳ್ಳುತ್ತಾರೆ.

ಹಾಗಂತ ಅದು ಆ ಕಾಲದ ಬಾಸ್ಟನ್‌ನ ಬಿಳಿ ಗಂಡಸರ ಕಥೆ. ಆಗ ಕಾರ್ಖಾನೆ ಕೆಲಸ ಧಾರಾಳವಾಗಿ ಸಿಗುತ್ತಿತ್ತು. ಅದನ್ನೇ ಇಲ್ಲಿಗೆ ತಂದು ಅಂಟಿಸಬೇಡಿ. ಮತ್ತೆ ದಯವಿಟ್ಟು, "ಮದುವೆ ಮಾಡಿಬಿಡಿ, ಸರಿಹೋಗ್ತಾನೆ" ಅಂತ ಯಾರೂ ಇದನ್ನು ಓದಿಕೊಳ್ಳಬೇಡಿ. ಆ ಹುಡುಗಿಯ ಗತಿ ಏನು?

ಹಳೇ_ಶೀಟು

ನಾನು ಸಾಮಾನ್ಯವಾಗಿ ಇಲ್ಲಿ ಕ್ರಿಕೆಟ್ ಬಗ್ಗೆ ಮಾತ್ರ ಬರೆಯುವವನು. ಇವತ್ತು ಬೇರೆ ಐಡಿ ಮಾಡಿಕೊಂಡು ಬಂದಿದ್ದೇನೆ.

ನನ್ನ ಮೇಲೆ ರೌಡಿ ಶೀಟ್ ಇದೆ. ಬೆಂಗಳೂರಿನ ಒಂದು ಏರಿಯಾ. ಹತ್ತೊಂಬತ್ತನೇ ವಯಸ್ಸಿಗೆ ಒಬ್ಬ ಅಣ್ಣನ ಹಿಂದೆ ಸುತ್ತಿ, ಬೇರೆ ಗುಂಪಿನವರ ಜೊತೆ ಹೊಡೆದಾಟ, ಎರಡು ಹಾಫ್ ಮರ್ಡರ್ ಕೇಸು. ಒಳಗೆ ಹೋಗಿ ಬಂದೆ. ಯಾರೋ ಬುದ್ಧಿ ಹೇಳಿ ಬಿಟ್ಟೆ ಅಂದುಕೊಳ್ಳಬೇಡಿ, ಬುದ್ಧಿ ಹೇಳುವವರಿಗೆ ಬರವೇ ಇರಲಿಲ್ಲ. ಸುಸ್ತಾಯ್ತು. ರಾತ್ರಿ ಬೈಕ್ ಶಬ್ದ ಕೇಳಿದರೆ ಎದ್ದು ಕೂರುವುದು, ಹೋಟೆಲಿನಲ್ಲಿ ಗೋಡೆಗೆ ಬೆನ್ನು ಕೊಟ್ಟೇ ಕೂರುವುದು. ಒಳಗಿದ್ದಾಗ ಅಣ್ಣ ಒಂದು ಸಲವೂ ಬರಲಿಲ್ಲ. ವಕೀಲರ ಫೀಸಿಗೆ ಅಮ್ಮ ಓಲೆ ಅಡ ಇಟ್ಟಳು. ಅಣ್ಣನ ಮೇಲಿನ ಮೋಹ ಅಲ್ಲಿಗೆ ಹೋಯ್ತು.

ಬಿಡಬೇಕು ಅನ್ನಿಸುವುದು ಸುಲಭ. ಬಿಟ್ಟಮೇಲೆ ಇರುವುದು ಕಷ್ಟ. ಹಳೇ ಹುಡುಗರು ಫೋನ್ ಮಾಡುತ್ತಾರೆ, ತೆಗೆಯದಿದ್ದರೆ "ದೊಡ್ಡವನಾಗಿಬಿಟ್ಟ" ಅಂತಾರೆ. ಎದುರು ಗುಂಪಿನವನಿಗೆ ನಾನು ಬಿಟ್ಟಿದ್ದೇನೆ ಅನ್ನುವುದು ಗೊತ್ತಿರಲ್ಲ. ಪೊಲೀಸರಿಗಂತೂ ನಂಬಿಕೆಯೇ ಇಲ್ಲ. ಗಣೇಶನ ಹಬ್ಬ ಬಂತು, ಕರೆ ಬಂತು. ಎಲೆಕ್ಷನ್ ಬಂತು, ಮುಚ್ಚಳಿಕೆ ಬರೆದುಕೊಡು. ಹೊಸ ಇನ್‌ಸ್ಪೆಕ್ಟರ್ ಬಂದರು, ಪೆರೇಡ್. ಬಿಸಿಲಲ್ಲಿ ಸಾಲಾಗಿ ನಿಲ್ಲಿಸಿ ಟಿವಿಯವರ ಮುಂದೆ ಬೈಯುತ್ತಾರೆ. ನಾನು ಆಗ ಒಂದು ಕಡೆ ಡೆಲಿವರಿ ಕೆಲಸ ಹಿಡಿದಿದ್ದೆ. ಪೆರೇಡಿನ ವಿಡಿಯೊ ಸೂಪರ್‌ವೈಸರ್ ಮೊಬೈಲಿಗೆ ಬಂತು. ಮಾರನೇ ದಿನ ಐಡಿ ಬ್ಲಾಕ್. ಆ ಸಂಜೆ ನನ್ನ ತಲೆಯಲ್ಲಿ ಓಡಿದ ಯೋಚನೆ ಇಲ್ಲಿ ಬರೆಯುವಂಥದ್ದಲ್ಲ.

ಕೊನೆಗೆ ನನ್ನನ್ನು ಉಳಿಸಿದ್ದು ನಮ್ಮ ಸೋದರಮಾವನ ತರಕಾರಿ ಮಂಡಿ. ಬೆಳಗಿನ ಜಾವ ಮೂರಕ್ಕೆ ಏಳಬೇಕು. ಮೂರಕ್ಕೆ ಏಳುವವನು ರಾತ್ರಿ ಎಲ್ಲಿ ಸುತ್ತುತ್ತಾನೆ ಸ್ವಾಮಿ? ಮಾವ ಮೊದಲ ವಾರವೇ ವಸೂಲಿ ಬುಕ್ಕು ನನ್ನ ಕೈಗೆ ಕೊಟ್ಟು ಊರಿಗೆ ಹೋಗಿಬಿಟ್ಟರು. ಅದು ನಂಬಿಕೆಯೋ ಪರೀಕ್ಷೆಯೋ ಇವತ್ತಿಗೂ ಕೇಳಿಲ್ಲ.

ಲೇತ್ ಅಣ್ಣ, ನಿಮಗೆ ಹೇಳುವುದು ಒಂದೇ. ಕೊಟ್ಟರೆ ಸರಿಯಾಗಿ ಕೊಡಿ. "ಪಾಪ ಅಂತ ಇಟ್ಕೊಂಡಿದೀನಿ" ಅಂತ ಬಂದವರಿಗೆಲ್ಲ ಹೇಳುತ್ತಾ ಕೊಡಬೇಡಿ.

ಕರಿಕೋಟು_ಮಂಡ್ಯ

ಹಳೇ ಶೀಟು ಅವರೇ, ನಿಮ್ಮ ಶೀಟ್ ಕ್ಲೋಸ್ ಆಗಿದೆಯಾ? ಇಲ್ಲದಿದ್ದರೆ ಕೇಳಿ. ರೌಡಿ ಶೀಟ್ ಅನ್ನುವುದು ಶಿಕ್ಷೆ ಅಲ್ಲ, ಕೋರ್ಟ್ ಕೊಡುವುದೂ ಅಲ್ಲ. ಪೊಲೀಸರು ನಿಗಾ ಇಡಲು ಇಟ್ಟುಕೊಳ್ಳುವ ಪುಸ್ತಕ. 2022ರಲ್ಲಿ ಕರ್ನಾಟಕ ಹೈಕೋರ್ಟ್, ಹೆಸರು ಸೇರಿಸುವ ಮೊದಲು ಆ ವ್ಯಕ್ತಿಗೆ ನೋಟಿಸ್ ಕೊಟ್ಟು ಅವನ ಮಾತು ಕೇಳಬೇಕು ಅಂತ ಹೇಳಿತು. ಕೇಸು ಖುಲಾಸೆ ಆಗಿದ್ದರೆ, ವರ್ಷಗಟ್ಟಲೆ ಹೊಸ ಕೇಸು ಇಲ್ಲದಿದ್ದರೆ, ಎಸಿಪಿ ಅಥವಾ ಡಿಸಿಪಿ ಕಚೇರಿಗೆ ಲಿಖಿತ ಮನವಿ ಕೊಡಿ. ಸ್ವೀಕೃತಿ ತೆಗೆದುಕೊಳ್ಳುವುದು ಮರೆಯಬೇಡಿ. ಅಲ್ಲಿ ಆಗದಿದ್ದರೆ ಹೈಕೋರ್ಟಿಗೆ ರಿಟ್.

ಲೇತ್ ಅವರಿಗೆ: ಅವರ ಬಿಡುಗಡೆ ಆದೇಶದ ಪ್ರತಿ ಒಮ್ಮೆ ಓದಿ. ಅವಧಿಗೆ ಮುಂಚೆ ಬಿಟ್ಟಿರುವುದರಿಂದ ಷರತ್ತುಗಳಿರುತ್ತವೆ. ಠಾಣೆಗೆ ಹಾಜರಿ ಹಾಕುವ ದಿನ ಇದ್ದರೆ ಆ ದಿನ ನೀವು ರಜೆ ಕೊಡಬೇಕಾಗುತ್ತೆ. ಷರತ್ತು ಮುರಿದರೆ ಸರ್ಕಾರ ಮಾಫಿಯನ್ನು ರದ್ದು ಮಾಡಿ ಮತ್ತೆ ಒಳಗೆ ಕಳಿಸಬಹುದು. ಒಂದು ಲೆಕ್ಕದಲ್ಲಿ, ನಿಮ್ಮ ಶೆಡ್ಡಿನಲ್ಲಿ ತಪ್ಪು ಮಾಡಿದರೆ ಅತಿ ಹೆಚ್ಚು ಕಳೆದುಕೊಳ್ಳುವವನು ಅವನೇ.

ಇನ್ನೊಂದು ವಿಷಯ ಯಾರೂ ಎತ್ತಲಿಲ್ಲ. 2022ರ ಕೊನೆಗೆ ದೇಶದ ಜೈಲುಗಳಲ್ಲಿ ಸುಮಾರು 5.73 ಲಕ್ಷ ಜನ ಇದ್ದರು. ಅದರಲ್ಲಿ 4.34 ಲಕ್ಷ ಜನ ವಿಚಾರಣಾಧೀನ ಕೈದಿಗಳು. ಅಂದರೆ ನಾಲ್ವರಲ್ಲಿ ಮೂವರ ಮೇಲೆ ಅಪರಾಧ ಸಾಬೀತಾಗಿಯೇ ಇಲ್ಲ. ವೆಲ್ಡಿಂಗ್ ತರಬೇತಿ, ಕೂಲಿ, ಸನ್ನಡತೆ ಮಾಫಿ ಇವೆಲ್ಲ ಮುಖ್ಯವಾಗಿ ಶಿಕ್ಷೆ ಆದವರಿಗೆ. ವಿಚಾರಣಾಧೀನ ಹುಡುಗ ಒಂದೂವರೆ ವರ್ಷ ಸುಮ್ನೆ ಕೂತು, ಒಂದು ದಿನ ಬೇಲ್ ಸಿಕ್ಕಿ ರಾತ್ರಿ ಎಂಟು ಗಂಟೆಗೆ ಬರಿಗೈಯಲ್ಲಿ ಹೊರಗೆ ಬರುತ್ತಾನೆ. ಪುನರ್ವಸತಿ ಅಂತ ನಾವು ಮಾತಾಡುವಾಗ ಈ ಹುಡುಗ ಲೆಕ್ಕಕ್ಕೇ ಬರಲ್ಲ.

ಮೈಸೂರ್_ಮಲ್ಲಿಗೆ

ಜೈಲು ಬದಲಾಯಿಸಲ್ಲ ಅನ್ನುವ ಮಾತು ಪೂರ್ತಿ ಒಪ್ಪಲ್ಲ ವಾರ್ಡರ್ ಸರ್. ರಂಗಾಯಣದ ಹುಲುಗಪ್ಪ ಕಟ್ಟೀಮನಿಯವರು ಬಳ್ಳಾರಿ, ಮೈಸೂರು ಜೈಲುಗಳಲ್ಲಿ ಕೈದಿಗಳಿಗೆ ನಾಟಕ ಕಲಿಸಿದ್ದು ನೆನಪಿಲ್ಲವೇ? ಪೊಲೀಸ್ ಕಾವಲಿನಲ್ಲಿ ಬಸ್ಸಲ್ಲಿ ಬಂದು ಹೊರಗಿನ ರಂಗಮಂದಿರಗಳಲ್ಲಿ ಆಡಿದರು. ನಾನು ಒಂದು ಪ್ರದರ್ಶನ ನೋಡಿದ್ದೇನೆ. ನಾಟಕ ಮುಗಿದ ಮೇಲೆ ಒಬ್ಬೊಬ್ಬರೂ ಮುಂದೆ ಬಂದು ತಮ್ಮ ಹೆಸರು, ಊರು ಹೇಳಿದರು. ಯಾವ ಕೇಸು ಅಂತ ಯಾರೂ ಹೇಳಲಿಲ್ಲ, ಯಾರೂ ಕೇಳಲೂ ಇಲ್ಲ.

ಸುಮ್ನೆ_ಓದುಗ

ನಾಟಕ ಆಡಿದರೆ ಕೆಲಸ ಸಿಗುತ್ತಾ ಮೇಡಂ?

ನಿವೃತ್ತ_ವಾರ್ಡರ್

ಸಿಗಲ್ಲ. ಆದರೆ ಓದುಗರೇ, ಹತ್ತು ವರ್ಷ ಸಿಬ್ಬಂದಿ ಮುಂದೆ ತಲೆ ತಗ್ಗಿಸಿಯೇ ಮಾತಾಡಿದವನು ಮಾಲೀಕರ ಮುಖ ನೋಡಿ "ಇಷ್ಟು ಕೂಲಿ ಬೇಕು" ಅಂತ ಕೇಳಲು ಅದರಿಂದ ಬಾಯಿ ಬರುತ್ತೆ. ಮಲ್ಲಿಗೆ ಮೇಡಂ, ಆ ತಂಡದವರನ್ನು ನಾನೂ ಬಲ್ಲೆ. ಅಲ್ಲಿ ಕೆಲಸ ಮಾಡಿದ್ದು ನಾಟಕವೋ ಕಟ್ಟೀಮನಿಯವರೋ ಅಂತ ನನಗೆ ಯಾವಾಗಲೂ ಅನುಮಾನ. ವಾರ ವಾರ ಹೊರಗಿನಿಂದ ಒಬ್ಬರು ನಿಮಗೋಸ್ಕರವೇ ಬರುತ್ತಾರೆ ಅನ್ನುವುದು ಒಳಗಿದ್ದವನಿಗೆ ಸಣ್ಣ ವಿಷಯ ಅಲ್ಲ.

ಜೋಳಿಗೆ

ಚಂಬಲ್ ಕಣಿವೆಯ ಡಾಕುಗಳ ಕಥೆ ಇಲ್ಲಿ ಹೇಳಲೇಬೇಕು, ಯಾಕೆಂದರೆ ಅದರಲ್ಲಿ ನಮ್ಮ ಬೆಂಗಳೂರಿನವರೊಬ್ಬರು ಇದ್ದಾರೆ. ಎಸ್. ಎನ್. ಸುಬ್ಬರಾವ್. 1929ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದವರು. 1942ರಲ್ಲಿ ಇನ್ನೂ ಸ್ಕೂಲ್ ಹುಡುಗ, ಚಳವಳಿಯಲ್ಲಿ ಅರೆಸ್ಟ್ ಆದರು. ಆಮೇಲೆ ಹುಬ್ಬಳ್ಳಿಯ ನಾ. ಸು. ಹರ್ಡೀಕರರ ಸೇವಾದಳ. 1970ರಲ್ಲಿ ಮಧ್ಯಪ್ರದೇಶದ ಮೊರೇನಾ ಜಿಲ್ಲೆಯ ಜೌರಾದಲ್ಲಿ ಆಶ್ರಮ ಕಟ್ಟಿದರು. ಡಾಕುಗಳ ಸೀಮೆಯ ನಟ್ಟನಡುವೆ. ಅವರ ಯುವಜನ ಶಿಬಿರಕ್ಕೆ ಹೋದವರು ಇಲ್ಲೂ ಇರಬಹುದು. ಖಾಕಿ ಚಡ್ಡಿ, ಬಿಳಿ ಖಾದಿ ಅಂಗಿ, ಗಟ್ಟಿ ದನಿಯ ಹಾಡು.

ಡಾಕು ಮಾಧೋ ಸಿಂಗ್ 1971ರಲ್ಲಿ ಗುತ್ತಿಗೆದಾರ ರಾಮ್ ಸಿಂಗ್ ಅಂತ ಹೆಸರು ಹೇಳಿಕೊಂಡು ಪಟ್ನಾಗೆ ಹೋಗಿ ಜಯಪ್ರಕಾಶ ನಾರಾಯಣರನ್ನು ಕಂಡ. ಶರಣಾಗುತ್ತೇವೆ, ನೀವು ನಡುವೆ ನಿಲ್ಲಿ ಅಂದ. ತಲೆಗೆ ಬಹುಮಾನ ಇದ್ದವನು ತಾನೇ ಹುಡುಕಿಕೊಂಡು ಹೋದ! 1972ರ ಏಪ್ರಿಲ್ 14ರಂದು ಜೌರಾದಲ್ಲಿ ಮೋಹರ್ ಸಿಂಗ್, ಮಾಧೋ ಸಿಂಗ್ ಮತ್ತು ಅವರ ಜೊತೆಯವರು ಗಾಂಧಿ ಫೋಟೊ ಮುಂದೆ ಬಂದೂಕು ಇಟ್ಟರು. ನೇಣು ಹಾಕಲ್ಲ ಅಂತ ಮಾತು ಕೊಟ್ಟಿದ್ದರು. ಶಿಕ್ಷೆ ಕಳೆಯಲು ಮುಂಗಾವಲಿಯಲ್ಲಿ ಬಯಲು ಜೈಲು, ಅಂದರೆ ಕಟ್ಟುನಿಟ್ಟಾಗಿ ಕೂಡಿಹಾಕದ ಜೈಲು ತೆರೆದರು. ಜಮೀನು, ಮಕ್ಕಳ ಓದು ಕೂಡ ಒಪ್ಪಂದದಲ್ಲಿತ್ತು. ಮೋಹರ್ ಸಿಂಗ್ ಆಮೇಲೆ ಭಿಂಡ್ ಜಿಲ್ಲೆಯ ಮೆಹಗಾಂವ್‌ನಲ್ಲಿ ಸ್ಥಳೀಯ ಸಂಸ್ಥೆಯ ಅಧ್ಯಕ್ಷನಾದ. ಮುಪ್ಪಿನ ತನಕ ಬದುಕಿ 2020ರಲ್ಲಿ ತೀರಿಕೊಂಡ.

ಇಲ್ಲಿ ನೋಡಿ, ಬಂದೂಕು ಇಡುವ ಮೊದಲೇ ಮುಂದೇನು ಅನ್ನುವುದು ಗೊತ್ತಿತ್ತು. ಎಷ್ಟು ವರ್ಷ, ಎಲ್ಲಿ, ಆಮೇಲೆ ಏನು ಹೊಟ್ಟೆಪಾಡು. ನಮ್ಮಲ್ಲಿ ಬೇಲ್ ಮೇಲೆ ಬರುವ ಹುಡುಗನಿಗೆ ಇದರಲ್ಲಿ ಒಂದೂ ಗೊತ್ತಿರಲ್ಲ.

ಸಹ್ಯಾದ್ರಿ_ತಂಗಿ

ಚಂಬಲ್ ಕಥೆ ಚೆನ್ನಾಗಿದೆ ಜೋಳಿಗೆಯವರೇ. ಸತ್ತವರ ಕಡೆಯ ಕಥೆ ಯಾರು ಹೇಳುತ್ತಾರೆ?

1981ರ ಫೆಬ್ರವರಿ 14ರಂದು ಉತ್ತರ ಪ್ರದೇಶದ ಬೆಹಮಾಯಿ ಹಳ್ಳಿಯಲ್ಲಿ 20 ಜನರನ್ನು ಸಾಲಾಗಿ ನಿಲ್ಲಿಸಿ ಕೊಂದರು. ಆ ಕೇಸಿನಲ್ಲಿ ಡಾಕು ಫೂಲನ್ ದೇವಿಯ ಹೆಸರಿತ್ತು. 1983ರಲ್ಲಿ ಶರಣಾಗತಿ, 1994ರಲ್ಲಿ ಬಿಡುಗಡೆ, 1996ರಲ್ಲಿ ಸಂಸತ್ತಿಗೆ ಆಯ್ಕೆ. ಬೆಹಮಾಯಿ ಕೇಸಿನ ತೀರ್ಪು ಬಂದಿದ್ದು 2024ರ ಫೆಬ್ರವರಿಯಲ್ಲಿ. 43 ವರ್ಷ. ಶಿಕ್ಷೆ ಆಗಿದ್ದು ಒಬ್ಬನಿಗೆ. ಅಷ್ಟರಲ್ಲಿ ಎಷ್ಟು ಹೆಂಡತಿಯರು ಮುದುಕಿಯರಾಗಿ ಸತ್ತರೋ. ಫೂಲನ್‌ಗೆ ಮೊದಲು ಏನೇನು ಮಾಡಿದ್ದರು ಅನ್ನುವುದು ನನಗೂ ಗೊತ್ತು, ಅದನ್ನು ಮರೆತು ಹೇಳುತ್ತಿಲ್ಲ. 2001ರಲ್ಲಿ ಆಕೆಯನ್ನೂ ಗುಂಡಿಟ್ಟು ಕೊಂದರು, ಅದೂ ಸರಿಯಲ್ಲ.

ನಮ್ಮ ಅಣ್ಣನನ್ನು ಕೊಂದವನು ಹೊರಗೆ ಬಂದು ಕೆಲವು ವರ್ಷ ಆಯ್ತು. ನಮ್ಮ ತಾಲ್ಲೂಕಿನಲ್ಲೇ ಇದ್ದಾನೆ. ಸಂತೆಯಲ್ಲಿ ಎದುರು ಸಿಗುತ್ತಾನೆ. ಅವನನ್ನು ಬಿಡುವ ಮೊದಲು ನಮಗೆ ಒಂದು ಮಾತು ಹೇಳಲಿಲ್ಲ. ಪೇಪರಿನಲ್ಲಿ "ಸನ್ನಡತೆ" ಅಂತ ಫೋಟೊ ಬಂತು, ಕೈಯಲ್ಲಿ ಹೂವು, ಸಿಹಿ. ಅಮ್ಮ ಆ ಪೇಪರನ್ನು ಒಲೆಗೆ ಹಾಕಿದಳು. ಲೇತ್ ಅವರೇ, ಕೆಲಸ ಕೊಡಿ, ಬೇಡ ಅನ್ನಲ್ಲ. ಆದರೆ ಆ ಇನ್ನೊಂದು ಮನೆಯವರು ನಿಮ್ಮ ಊರಿನಲ್ಲೇ ಇದ್ದಾರಲ್ಲ. ಅವರನ್ನು ಯಾರಾದರೂ ಕೇಳಿದ್ದೀರಾ?

ಲೇತ್_ಮಷೀನ್, ತುಮಕೂರು

ತಂಗಿ, ನಿಮ್ಮ ಮಾತು ತಲೆಯಲ್ಲಿ ಕೂತಿದೆ. ಆ ಮನೆಯವರು ಇದ್ದಾರೆ. ಶೆಡ್ಡು ಊರಿಂದ ಎಂಟು ಮೈಲಿ ದೂರ. ನಮ್ಮ ತಂದೆಗೆ ಆ ಮನೆಯ ಹಿರಿಯರ ಪರಿಚಯ ಇದೆ. ಹೋಗಿ ಮಾತಾಡಲು ಹೇಳುತ್ತೇನೆ. ಒಪ್ಪಿಗೆ ಕೇಳಲು ಅಲ್ಲ, ತಿಳಿಸಲು. ಬೇರೆಯವರ ಬಾಯಿಂದ ಗೊತ್ತಾಗುವುದಕ್ಕಿಂತ ಅದು ಮೇಲು ಅನ್ನಿಸುತ್ತೆ.

ಕರಿಕೋಟು_ಮಂಡ್ಯ

ತಂಗಿ ಅವರೇ, ತಡವಾಗಿದ್ದರೂ ಹೇಳುತ್ತೇನೆ. ಸಂತ್ರಸ್ತರ ಕುಟುಂಬಕ್ಕೆ ಪರಿಹಾರದ ಯೋಜನೆ ಕರ್ನಾಟಕದಲ್ಲಿ 2011ರಿಂದ ಇದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಸಾಮಾನ್ಯವಾಗಿ ಜಿಲ್ಲಾ ಕೋರ್ಟ್ ಆವರಣದಲ್ಲೇ ಇರುತ್ತೆ. ಅರ್ಜಿಗೆ ಕಾಲಮಿತಿ ಇದೆ, ನಿಮ್ಮದು ಹಳೇ ಕೇಸು ಅನ್ನಿಸುತ್ತೆ, ಆದರೂ ಒಮ್ಮೆ ಹೋಗಿ ಕೇಳಿ. ಕೈದಿಗಳ ಕೂಲಿಯಲ್ಲಿ ಒಂದು ಪಾಲನ್ನು ಸಂತ್ರಸ್ತರಿಗೆ ಎತ್ತಿಡಬೇಕು ಅಂತ ಸುಪ್ರೀಂ ಕೋರ್ಟ್ 1998ರಲ್ಲೇ ಹೇಳಿತ್ತು. ಅದು ಎಷ್ಟು ಮನೆಗಳಿಗೆ ತಲುಪಿತು ಅಂತ ಕೇಳಿದರೆ, ನನ್ನ ಪ್ರಾಕ್ಟೀಸಿನಲ್ಲಂತೂ ಒಂದು ಮನೆಯನ್ನೂ ಕಂಡಿಲ್ಲ.

ಸಹ್ಯಾದ್ರಿ_ತಂಗಿ

ದುಡ್ಡಿನ ಮಾತಲ್ಲ ಸರ್. ಆದರೂ ಥ್ಯಾಂಕ್ಸ್.

ಸೆಟ್ಲಮೆಂಟ್_ಹುಡುಗ, ಹುಬ್ಬಳ್ಳಿ

ನಮ್ಮ ಹಿರಿಯರು ಯಾರನ್ನೂ ಕೊಂದಿರಲಿಲ್ಲ. ಆದರೂ ಅಪರಾಧಿಗಳಾಗಿದ್ದರು. ಹುಟ್ಟಿದ್ದೇ ಅಪರಾಧ.

ಬ್ರಿಟಿಷರ 1871ರ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ಬಗ್ಗೆ ಕೇಳಿರುತ್ತೀರಿ. ಇಡೀ ಜಾತಿಗೆ ಜಾತಿಯನ್ನೇ ಕ್ರಿಮಿನಲ್ ಅಂತ ಬರೆದುಕೊಂಡರು. ನಮ್ಮ ಕಡೆ ಹುಬ್ಬಳ್ಳಿ, ಗದಗ, ವಿಜಯಪುರದಲ್ಲಿ ಸೆಟ್ಲಮೆಂಟ್ ಕಟ್ಟಿ ಒಳಗೆ ಇಟ್ಟರು. ಗಂಟಿಚೋರರು, ಕೊರಚರು, ಪಾರ್ಧಿಗಳು, ಹೀಗೆ. ಹೊರಗೆ ಹೋಗಬೇಕಾದರೆ ಪಾಸು, ದಿನಕ್ಕೆ ಇಷ್ಟು ಸಲ ಹಾಜರಿ. ನಮ್ಮ ಮುತ್ಯಾ ಗಿರಣಿ ಕೆಲಸ ಮುಗಿಸಿ ಬಂದು ರಾತ್ರಿ ಹಾಜರಿಗೆ ಎದ್ದು ಹೋಗುತ್ತಿದ್ದರಂತೆ. 1952ರ ಆಗಸ್ಟ್ 31ಕ್ಕೆ ಕಾಯ್ದೆ ಹೋಯಿತು. ಅದಕ್ಕೇ ನಾವು ಆ ದಿನ ವಿಮುಕ್ತ ದಿನ ಮಾಡುತ್ತೇವೆ. ಆದರೆ ಅದರ ಜಾಗಕ್ಕೆ ರೂಢಿಗತ ಅಪರಾಧಿಗಳ ಕಾಯ್ದೆ ಬಂತು. ಕರ್ನಾಟಕದ್ದು 1961ರದ್ದು. 2024ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಜೈಲುಗಳಲ್ಲಿ ಜಾತಿ ನೋಡಿ ಕೆಲಸ ಹಂಚುವುದು ತಪ್ಪು ಅಂದಾಗ, ವಿಮುಕ್ತ ಸಮುದಾಯಗಳನ್ನು ಈ ಹಣೆಪಟ್ಟಿಯಿಂದ ನೋಡುವುದನ್ನೂ ಖಂಡಿಸಿತು. ಎಪ್ಪತ್ತೆರಡು ವರ್ಷ ಬೇಕಾಯಿತು ಇಷ್ಟು ಹೇಳಲು.

ಈಗಲೂ ಅರ್ಜಿಯಲ್ಲಿ ಅಡ್ರೆಸ್ ಬರೆದರೆ ಎದುರಿನವರ ಮುಖ ಬದಲಾಗುವುದು ನೋಡಿದ್ದೇನೆ. ಏರಿಯಾದಲ್ಲಿ ಎಲ್ಲೇ ಕಳುವಾಗಲಿ, ಮೊದಲು ನಮ್ಮ ಓಣಿಗೆ ಜೀಪು. "ಇಂಥವರು ಬದಲಾಗುತ್ತಾರಾ" ಅಂತ ಲೇತ್ ಅವರು ಕೇಳಿದರು. ನಾನು ಸುಮ್ನೆ ಓದುಗ ಅವರ ಥರದವರನ್ನು ಕೇಳುತ್ತೇನೆ. ನಮ್ಮ ಮನೆಯಲ್ಲಿ ಮೂರು ತಲೆಮಾರು, ಗಿರಣಿ, ರೈಲ್ವೆ, ಈಗ ನಾನು ಅಕೌಂಟೆಂಟ್. ನೀವು ಯಾವಾಗ ಬದಲಾಗುತ್ತೀರಿ?

ಸುಮ್ನೆ_ಓದುಗ

ಹುಬ್ಬಳ್ಳಿಯವರೇ, ನಾನು ಹೇಳಿದ್ದು ಕೊಲೆ ಮಾಡಿದವನ ಬಗ್ಗೆ. ಎರಡನ್ನೂ ಒಂದೇ ಚೀಲಕ್ಕೆ ಹಾಕಬೇಡಿ.

ಸೆಟ್ಲಮೆಂಟ್_ಹುಡುಗ, ಹುಬ್ಬಳ್ಳಿ

ಚೀಲಕ್ಕೆ ಹಾಕಿದ್ದು ನಾನಲ್ಲ ಅಣ್ಣ.

ಪಿಂಕ್_ಸಿಟಿ_ಕನ್ನಡಿಗ

ಕೆಲಸದ ಮೇಲೆ ಜೈಪುರದಲ್ಲಿದ್ದೇನೆ. ಇಲ್ಲಿ ಸಾಂಗಾನೇರ್‌ನಲ್ಲಿ ಸಂಪೂರ್ಣಾನಂದ ಬಯಲು ಜೈಲು ಇದೆ, 1960ರ ದಶಕದಿಂದ. ಕೈದಿಗಳು ಹೆಂಡತಿ ಮಕ್ಕಳ ಜೊತೆ ಒಳಗೇ ಮನೆ ಮಾಡಿಕೊಂಡಿದ್ದಾರೆ. ಬೆಳಿಗ್ಗೆ ಹಾಜರಿ, ಹೊರಗೆ ಹೋಗಿ ದುಡಿದು ಸಂಜೆ ಹಾಜರಿಗೆ ವಾಪಸು. ಮಕ್ಕಳು ಅಲ್ಲಿಂದಲೇ ಸ್ಕೂಲಿಗೆ ಹೋಗುತ್ತಾರೆ. ಬಿಡುಗಡೆ ಆಗುವ ಹೊತ್ತಿಗೆ ಅವನಿಗೆ ಕೆಲಸ ಇರುತ್ತೆ, ಗಿರಾಕಿಗಳಿರುತ್ತಾರೆ, ಸ್ಕ್ಯಾನ್ ಮಾಡುವುದೂ ಬರುತ್ತೆ. ಕೊಲೆ ಮಾಡಿದವರೇ ಜಾಸ್ತಿ ಅಲ್ಲಿ. ನಮ್ಮಲ್ಲಿ ದೇವನಹಳ್ಳಿ ತಾಲ್ಲೂಕಿನ ಕೋರಮಂಗಲದಲ್ಲಿ ಒಂದು ಬಯಲು ಬಂದೀಖಾನೆ ಇದೆ ಅಂತ ಇಲ್ಲಿನವರಿಗೆ ಹೇಳಿದೆ. "ಅಷ್ಟು ದೊಡ್ಡ ರಾಜ್ಯಕ್ಕೆ ಒಂದೇನಾ" ಅಂದರು.

ಗ್ರೀಸ್_ಕೈ, ಹಾಸನ

ಅನುಭವ ಕೇಳಿದ್ದೀರಿ, ಹೇಳುತ್ತೇನೆ. ನಮ್ಮದು ಟ್ರ್ಯಾಕ್ಟರ್, ಟಿಲ್ಲರ್ ರಿಪೇರಿ ಗ್ಯಾರೇಜು. ಇಬ್ಬರಿಗೆ ಕೆಲಸ ಕೊಟ್ಟೆ. ಒಬ್ಬ ಕಳ್ಳತನದ ಕೇಸಿನಲ್ಲಿ ಒಳಗೆ ಹೋಗಿ ಬಂದ ಹುಡುಗ. ನಾಲ್ಕು ತಿಂಗಳು ಚೆನ್ನಾಗಿದ್ದ. ಹಬ್ಬಕ್ಕೆ ಅಂತ ದೊಡ್ಡ ಅಡ್ವಾನ್ಸ್ ತೆಗೆದುಕೊಂಡು ಹೋದವನು ಬರಲೇ ಇಲ್ಲ. ಆಮೇಲೆ ಬೇರೆ ಜಿಲ್ಲೆಯಲ್ಲಿ ಸಿಕ್ಕಿಬಿದ್ದ ಅಂತ ಸುದ್ದಿ. ಇನ್ನೊಬ್ಬರು ದೊಡ್ಡ ಕೇಸಿನವರು, ಐವತ್ತರ ಹತ್ತಿರ. ಇವತ್ತಿಗೂ ಇದ್ದಾರೆ. ಗ್ಯಾರೇಜಿನ ಕೀ ಅವರ ಹತ್ತಿರವೇ ಇರುತ್ತೆ.

ಕಲಿತಿದ್ದು ಹೇಳುತ್ತೇನೆ. ವಾರದ ಬಟವಾಡೆ ಮಾಡಿ, ತಿಂಗಳ ಸಂಬಳ ಬೇಡ. ದೊಡ್ಡ ಅಡ್ವಾನ್ಸ್ ಕೊಡಲೇಬೇಡಿ. ಸಾಲ ತಲೆ ಮೇಲೆ ಕೂತರೆ ಒಳ್ಳೆಯವನೂ ಓಡುತ್ತಾನೆ, ಅವನಂತೂ ಓಡಿಯೇ ಓಡುತ್ತಾನೆ. ಹೇಳದೆ ಒಂದು ದಿನ ಬರದಿದ್ದರೆ ಅವತ್ತೇ ಮನೆಗೆ ಹೋಗಿ. ಜಗಳಕ್ಕಲ್ಲ, ಸುಮ್ನೆ ಹೋಗಿ. ನಮ್ಮ ಈ ಹಿರಿಯರು ಮೊದಲ ವರ್ಷ ಆಗಾಗ ಬರುತ್ತಿರಲಿಲ್ಲ. ಹೋಗಿ ನೋಡಿದರೆ ಬಾಗಿಲು ಹಾಕಿಕೊಂಡು ಮಲಗಿರುತ್ತಿದ್ದರು. ಊರಲ್ಲಿ ಯಾರೋ ಏನೋ ಅಂದಿರುತ್ತಿದ್ದರು. ಒಂದು ಲೋಟ ಟೀ ಕುಡಿದು, ಬೇರಿಂಗ್ ಬಂದಿದೆ, ನೀವೇ ಹಾಕಬೇಕು ಅಂತ ಹೇಳಿ ಬರುತ್ತಿದ್ದೆ. ಮಧ್ಯಾಹ್ನದ ಹೊತ್ತಿಗೆ ಬರುತ್ತಿದ್ದರು.

ಮತ್ತೆ ನಿಮ್ಮ ಹುಡುಗರಿಗೆ ವಿಷಯ ಮೊದಲೇ ಹೇಳಿ. ಮುಚ್ಚಿಟ್ಟರೆ ಯಾರೋ ಒಬ್ಬ ವಾಟ್ಸಾಪಿನಲ್ಲಿ ಹಾಕುತ್ತಾನೆ. ಯಾಕೆ ಕೊಂದೆ, ಹೇಗೆ ಕೊಂದೆ ಅಂತ ಯಾರೂ ಕೇಳುವ ಹಾಗಿಲ್ಲ ಅಂತ ಮೊದಲ ದಿನವೇ ಹೇಳಿಬಿಡಿ. ಟೀ ಟೈಮಲ್ಲಿ ಅದನ್ನೇ ಕೇಳುತ್ತಾರೆ, ಸಿನಿಮಾ ಕಥೆ ಥರ.

ಲೇತ್_ಮಷೀನ್, ತುಮಕೂರು

ಗ್ರೀಸ್ ಕೈ ಅಣ್ಣ, ವಾರದ ಬಟವಾಡೆ ಮಾತು ತುಂಬ ಉಪಯೋಗ ಆಯ್ತು. ಸಣ್ಣ ತೊಂದರೆ ಏನೆಂದರೆ, ಬ್ಯಾಂಕ್ ಖಾತೆ ನಡೆಯುತ್ತಿಲ್ಲ ಅಂತಾನೆ. ಆಧಾರ್‌ನಲ್ಲಿ ಹಳೇ ಫೋನ್ ನಂಬರು. ರೇಷನ್ ಕಾರ್ಡಿನಿಂದ ಹೆಸರು ತೆಗೆದಿದ್ದಾರೆ. ವೋ‌ಟು ಹಾಕುವ ಹಾಗಿಲ್ಲ ಅಂತ ಯಾರೋ ಹೇಳಿದ್ದಾರಂತೆ, ಅದು ನಿಜವಾ?

ನಿವೃತ್ತ_ವಾರ್ಡರ್

ಸುಳ್ಳು. ಒಳಗಿದ್ದಾಗ ವೋಟು ಇಲ್ಲ. ಹೊರಗೆ ಬಂದ ಮೇಲೆ ಎಲ್ಲರ ಹಾಗೆ ಹಾಕಬಹುದು, ಪಟ್ಟಿಯಲ್ಲಿ ಹೆಸರು ಇದೆಯಾ ನೋಡಿಕೊಳ್ಳಲಿ. ಮೊದಲು ಆಧಾರ್ ಕೇಂದ್ರಕ್ಕೆ ಕರೆದುಕೊಂಡು ಹೋಗಿ ಫೋನ್ ನಂಬರು ಬದಲಾಯಿಸಿ, ಅದಾಗದೆ ಮಿಕ್ಕಿದ್ದು ಯಾವುದೂ ಆಗಲ್ಲ. ಎರಡು ವರ್ಷ ವ್ಯವಹಾರ ಇಲ್ಲದಿದ್ದರೆ ಖಾತೆ ನಿಷ್ಕ್ರಿಯ ಮಾಡುತ್ತಾರೆ, ಬ್ರಾಂಚಿಗೆ ಹೋಗಿ ಕೆವೈಸಿ ಕೊಟ್ಟರೆ ಮತ್ತೆ ಚಾಲೂ ಆಗುತ್ತೆ. ಜೈಲಿನಲ್ಲಿ ದುಡಿದ ಕೂಲಿ ಪೂರ್ತಿ ಕೈಸೇರಿದೆಯಾ ಅಂತಲೂ ಕೇಳಿ. ಮನೆಯವರು ಮೊದಲೇ ತೆಗೆದು ಖರ್ಚು ಮಾಡಿರುವ ಕೇಸೂ ಉಂಟು. ಆಫೀಸುಗಳಿಗೆ ಒಬ್ಬನೇ ಕಳಿಸಬೇಡಿ. ಕೌಂಟರಿನಲ್ಲಿ "ಇಷ್ಟು ವರ್ಷ ಎಲ್ಲಿದ್ದಿ" ಅಂತ ಜೋರಾಗಿ ಕೇಳುತ್ತಾರೆ.

ಹಳೇ_ಶೀಟು

ಕರಿಕೋಟು ಸರ್, ಶೀಟ್ ಇನ್ನೂ ಓಪನ್ ಇದೆ. ಎರಡೂ ಕೇಸು ಖುಲಾಸೆ. ಮನವಿಗೆ ತೀರ್ಪಿನ ನಕಲು ಬೇಕಾ?

ಕರಿಕೋಟು_ಮಂಡ್ಯ

ಬೇಕು. ಕೋರ್ಟಿನ ನಕಲು ಶಾಖೆಯಲ್ಲಿ ದೃಢೀಕೃತ ಪ್ರತಿ ತೆಗೆಸಿ. ಜೊತೆಗೆ ಮಂಡಿಯ ಲೈಸೆನ್ಸ್, ಮಾವನವರ ಪತ್ರ, ಮಕ್ಕಳಿದ್ದರೆ ಶಾಲೆಯ ಫೀ ರಸೀದಿ, ಸ್ಥಿರವಾಗಿ ಬದುಕುತ್ತಿದ್ದೀರಿ ಅಂತ ತೋರಿಸುವ ಯಾವ ಕಾಗದವಾದರೂ ಇರಲಿ. ಮೆಸೇಜ್ ಮಾಡಿ, ಕರಡು ನಾನು ನೋಡಿಕೊಡುತ್ತೇನೆ.

ಒಬ್ಬ_ಅಮ್ಮ

ಇಷ್ಟು ದಿನ ಓದುತ್ತಿದ್ದೆ. ನನ್ನ ಮಗ ಹದಿನೇಳು ವರ್ಷದವನಿದ್ದಾಗ ಸ್ನೇಹಿತರ ಜೊತೆ ಬೈಕ್ ಕದ್ದ ಕೇಸು ಆಯ್ತು. ಬಾಲ ನ್ಯಾಯ ಮಂಡಳಿಯಲ್ಲಿ ನಡೆದು ಮುಗಿದಿದೆ. ಈಗ ಡಿಪ್ಲೊಮಾ ಕೊನೇ ವರ್ಷ. ಕ್ಯಾಂಪಸ್‌ಗೆ ಕಂಪನಿ ಬರುತ್ತೆ, ಪೊಲೀಸ್ ವೆರಿಫಿಕೇಷನ್ ಕೇಳುತ್ತಾರಂತೆ. ಅವನು ಊಟ ಬಿಟ್ಟಿದ್ದಾನೆ. ಏನು ಬರೆಯಬೇಕು ಸರ್?

ಕರಿಕೋಟು_ಮಂಡ್ಯ

ಅಮ್ಮ, ಮೊದಲು ಅವನಿಗೆ ಊಟ ಬಡಿಸಿ.

2015ರ ಬಾಲ ನ್ಯಾಯ ಕಾಯ್ದೆಯ 24ನೇ ಕಲಂ ಪ್ರಕಾರ, ಮಂಡಳಿಯಲ್ಲಿ ಮುಗಿದ ಇಂಥ ಕೇಸಿನಿಂದ ಅವನಿಗೆ ಯಾವ ಅನರ್ಹತೆಯೂ ಅಂಟಿಕೊಳ್ಳುವ ಹಾಗಿಲ್ಲ. ಮೇಲ್ಮನವಿಯ ಅವಧಿ ಮತ್ತು ನಿಯಮದಲ್ಲಿ ಹೇಳಿದ ಕಾಲ ಕಳೆದ ಮೇಲೆ ದಾಖಲೆಯನ್ನೇ ನಾಶ ಮಾಡಬೇಕು. ಹದಿನಾರು ದಾಟಿದವರು ತೀರಾ ಗಂಭೀರ ಅಪರಾಧ ಮಾಡಿ, ಮಕ್ಕಳ ನ್ಯಾಯಾಲಯದಲ್ಲಿ ದೊಡ್ಡವರ ಹಾಗೆ ವಿಚಾರಣೆ ಆಗಿದ್ದರೆ ಮಾತ್ರ ಬೇರೆ. ಬೈಕ್ ಕಳ್ಳತನ ಅದರಲ್ಲಿ ಬರಲ್ಲ.

ಹಾಗಿದ್ದರೂ ಕಾನೂನಿನಲ್ಲಿ ಇರುವುದು ಒಂದು, ಠಾಣೆಯ ಕಂಪ್ಯೂಟರಿನಲ್ಲಿ ಉಳಿದಿರುವುದು ಇನ್ನೊಂದು ಆಗಿರಬಹುದು. ಅದಕ್ಕೇ ಕಂಪನಿ ಬರುವ ಮೊದಲು ಎರಡು ಕೆಲಸ ಮಾಡಿ. ಮಂಡಳಿಯಿಂದ ಅಂತಿಮ ಆದೇಶದ ದೃಢೀಕೃತ ಪ್ರತಿ ತೆಗೆದುಕೊಳ್ಳಿ. ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ಅವನ ಕೇಸು ನೋಡಿಕೊಂಡ ಪರಿವೀಕ್ಷಣಾಧಿಕಾರಿಯನ್ನು ಕಂಡು, ದಾಖಲೆ ನಾಶದ ಆದೇಶ ಠಾಣೆಗೆ ಹೋಗಿದೆಯಾ ಕೇಳಿ. ಹೋಗಿಲ್ಲದಿದ್ದರೆ ಮಂಡಳಿಗೆ ಒಂದು ಪುಟದ ಅರ್ಜಿ ಸಾಕು. ಫೀಸು ಕೊಟ್ಟು ವಕೀಲರನ್ನು ಹಿಡಿಯಬೇಕಾಗಿಲ್ಲ, ಕಾನೂನು ಸೇವಾ ಪ್ರಾಧಿಕಾರದವರು ಉಚಿತವಾಗಿ ಮಾಡಿಕೊಡುತ್ತಾರೆ.

ಫಾರಂನಲ್ಲಿ "ಶಿಕ್ಷೆ ಆಗಿದೆಯೇ" ಅಂತ ಕೇಳುತ್ತಾರಾ, "ಕೇಸು ಇತ್ತೇ" ಅಂತ ಕೇಳುತ್ತಾರಾ ಅನ್ನುವುದರ ಮೇಲೆ ಉತ್ತರ ಬೇರೆ ಆಗುತ್ತೆ. ಫಾರಂ ಸಿಕ್ಕ ಕೂಡಲೇ ಹೆಸರು ಮುಚ್ಚಿ ಫೋಟೊ ಕಳಿಸಿ. ನೋಡಿ ಹೇಳುವ ತನಕ ಅವನು ಏನೂ ತುಂಬಿಸುವುದು ಬೇಡ.